ಇಪ್ಪತ್ತೈದರ ಹದ

ಭಾನುವಾರ ಬೆಳಗ್ಗೆ ತುಂಗಮ್ಮ ಟೀಚರ್ ದೇವರಿಗೆ ದೀಪ ಹಚ್ಚಿ ಬಂದು, ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದಾಗ ಸಾವಿತ್ರಮ್ಮ ಗೇಟು ತೆಗೆದು ಒಳಗೆ ಬಂದಳು. ಬಂದವಳು ಕೂರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕಂಬಕ್ಕೆ ಒರಗಿ ನಿಂತಳು.

"ಟೀಚರಮ್ಮ, ನಮ್ಮನೆಯವ್ರು ಮಾಡದ ತಪ್ಪನ್ನ ಮಾಡಿದೀನಿ ಅಂತ ಒಪ್ಕೊಂಡು ಕೂತಿದಾರೆ. ಯಾರು ಮಾಡಿದ್ದು ಅಂತ ನೀವು ಕಂಡುಹಿಡಿದು ಕೊಡ್ಬೇಕು."

ಗೋಣಿಬೀಡಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ತುಂಗಮ್ಮನವರ ಜಗಲಿಗೆ ಇಂಥ ಮಾತು ಬರುವುದು ಹೊಸದಲ್ಲ. ದೇವಸ್ಥಾನದ ಗಂಟೆ ಕಾಣೆಯಾದಾಗ, ಸೊಸೈಟಿಯ ಗೊಬ್ಬರದ ಮೂಟೆಯಲ್ಲಿ ಮಣ್ಣು ಬೆರೆತಾಗ, ಊರಿನವರು ಠಾಣೆಯ ಮೆಟ್ಟಿಲಿಗಿಂತ ಮೊದಲು ಹತ್ತಿದ್ದು ಈ ಮೆಟ್ಟಿಲನ್ನೇ. ಟೀಚರ್ ಎಲ್ಲಿಗೆ ಹೊರಟರೂ ಕರೆದೊಯ್ಯುತ್ತಿದ್ದವನು ಜೀಪಿನ ಧರ್ಮೇಶ್. ಅವರದೇ ಹಳೆಯ ವಿದ್ಯಾರ್ಥಿ, ಈಗ ನಲವತ್ತು ದಾಟಿದವನು. ಆ ಬೆಳಗ್ಗೆ ಅವನು ಅದೇ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದ. ಸಾವಿತ್ರಮ್ಮನ ಮಾತು ಕಿವಿಗೆ ಬಿದ್ದದ್ದೇ ತಡ, ಲೋಟವನ್ನು ಕೆಳಗಿಟ್ಟ.

ಸಂಗತಿ ಅವನಿಗೆ ಗೊತ್ತಿತ್ತು. ಸಾವಿತ್ರಮ್ಮನ ಗಂಡ ದೇವರಾಜ ದೀಪಶ್ರೀಯವರ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಡ್ರೈಯರ್ ನೋಡಿಕೊಳ್ಳುವವನು. ಅವರ ಒಬ್ಬನೇ ಮಗ ನಂದನ್, ಐಟಿಐ ಓದಿ ಅದೇ ಡ್ರೈಯರಿನ ಬಿಸಿ ಕಾಯುವ ಕಂಟ್ರೋಲರ್ ಕೂರಿಸಿದ್ದವನು, ಹೋದ ವರ್ಷ ಕಾಫಿ ಕುಯ್ಲಿನ ನಡುವೆ ಕೊಟ್ಟಿಗೆಹಾರದ ತಿರುವಿನಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಅವನನ್ನು ಆಸ್ಪತ್ರೆಗೆ ಹೊತ್ತದ್ದು ಧರ್ಮೇಶನ ಜೀಪು.

ಈಗ ಕಳೆದ ಶುಕ್ರವಾರ, ನಂದನ್ ಹೋಗಿ ವರ್ಷ ತುಂಬಿದ ದಿನವೇ, ಡ್ರೈಯರಿನ ಬಿಸಿ ಹುಚ್ಚೆದ್ದು ನಲವತ್ತೆರಡು ಮೂಟೆ ಪಾರ್ಚ್‌ಮೆಂಟ್ ಸೀದುಹೋಗಿತ್ತು. ಹಣ್ಣಿನ ಸಿಪ್ಪೆ ಸುಲಿದು, ತೊಳೆದು, ಮೇಲಿನ ತೆಳು ತೊಗಲು ಮಾತ್ರ ಉಳಿದ ಬೀಜ ಅದು. ನಲವತ್ತೈದು ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಒಣಗಬೇಕು. ಯಾರೋ ಕಂಟ್ರೋಲರಿನ ಒಳಗಿನ ಸೆಟ್ಟಿಂಗ್ ಬದಲಿಸಿದ್ದರು. "ನಾನೇ" ಎಂದು ದೇವರಾಜ ತಲೆ ತಗ್ಗಿಸಿ ನಿಂತಿದ್ದ.

"ಅವ್ರು ಅವತ್ತು ಇಲ್ಲಿ ಇರ್ಲೇ ಇಲ್ಲ ಟೀಚರ್," ಎಂದ ಧರ್ಮೇಶ್. "ಐದೂವರೆಗೆ ನನ್ನ ಜೀಪಲ್ಲೇ ಕಳಸಕ್ಕೆ, ಮಗನ ವರ್ಷದ ಕಾರ್ಯಕ್ಕೆ ಕರ್ಕೊಂಡು ಹೋಗಿದೀನಿ. ಎಂಟು ಗಂಟೆಗೆ ಭದ್ರೆಯಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತಿದ್ರು ಮಾರಾಯ್ರೆ. ದೀಪಕ್ಕಂಗೆ ಹೇಳಿದೆ. 'ಹೋಗೋಕೆ ಮುಂಚೆ ಮಾಡಿರ್ತಾನೆ ಬಿಡು' ಅಂದ್ರು."

"ನೀನೆಲ್ಲಿದ್ದೆ ಸಾವಿತ್ರಿ?" ಟೀಚರ್ ಕೇಳಿದರು.

"ನಾನಾ? ಮನೇಲಿ. ಎಡೆಗೆ ಕಡುಬು ಆಗ್ಬೇಕಿತ್ತಲ್ಲ, ಅಕ್ಕಿಹಿಟ್ಟು ನಾದಿ ಮುಚ್ಚಿಟ್ಟು ಡ್ರೈಯರ್ ಹತ್ರ ಹೋದೆ, ಒಲೆಗೆ ಹೊಟ್ಟು ತುಂಬೋಕೆ. ಅವನು ಕೂರಿಸಿದ ಪೆಟ್ಟಿಗೆಗೆ ದಿನಾ ಹೂವು ಇಡ್ತೀನಲ್ಲ, ಅದನ್ನೂ ಇಟ್ಟೆ. ಎಂಟು ಗಂಟೆ ಹೊತ್ತಿಗೆ ಎಲ್ಲ ಸರಿಮಾಡಿಟ್ಟೇ ವಾಪಸ್ ಬಂದೆ. ಆಮೇಲೆ ಯಾವನೋ ಪಾಪಿ ಬಂದು ಕೈಯಾಡಿಸಿದಾನೆ."

ಬತ್ತಿ ಹೊಸೆಯುತ್ತಿದ್ದ ಟೀಚರ ಬೆರಳು ಒಮ್ಮೆ ನಿಂತಿತು. ಮತ್ತೆ ಹೊಸೆಯತೊಡಗಿತು.

"ನಾಳೆ ಸಂಜೆ ಅಮ್ಮಾವ್ರು ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡ್ತಾರಂತೆ," ಎಂದಳು ಸಾವಿತ್ರಮ್ಮ. "ಇಪ್ಪತ್ತಾರು ವರ್ಷ ಬೆಂಕಿ ಮುಂದೆ ನಿಂತ ಮನುಷ್ಯ. ಬೇಕೂ ಅಂತ ಹಾಳು ಮಾಡಿದ ಅನ್ನೋ ಹೆಸ್ರು ಬಂದ್ರೆ ಇನ್ಯಾವ ಎಸ್ಟೇಟಿನೋರು ಒಳಗೆ ಬಿಡ್ತಾರೆ? ಮಗ ಹೋದ. ಇನ್ನು ಇವ್ರ ಮಾನವೂ ಹೋಗ್ಬೇಕಾ?"

"ನಿಜ ಏನೇ ಇರಲಿ, ಅದು ಬೇಕಾ ನಿಂಗೆ?"

"ಬೇಕು. ಅದಕ್ಕೇ ಅಲ್ವಾ ನಿಮ್ಮ ಹತ್ರ ಬಂದಿದ್ದು?"

* * *

ಡ್ರೈಯರ್ ಶೆಡ್ಡಿನಲ್ಲಿ ಇನ್ನೂ ಸೀದ ವಾಸನೆ ಉಳಿದಿತ್ತು. ಹುರಿದ ಕಾಫಿಯ ಘಮವಲ್ಲ. ಪಾತ್ರೆ ತಳ ಹತ್ತಿದಂಥದ್ದು. ದೀಪಶ್ರೀಯವರು ಬಾಗಿಲಲ್ಲೇ ಕಾದಿದ್ದರು. ಅಪ್ಪ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ತೋಟವನ್ನು ಒಬ್ಬರೇ ನಡೆಸಿಕೊಂಡು ಬಂದವರು.

"ಕಾಫಿ ಹೋಯ್ತು ಅಂತ ಅಲ್ಲ ಟೀಚರ್. ನಂಬಿದವನು ಹೀಗೆ ಮಾಡಿದನಲ್ಲ. ಡಿಸೆಂಬರಲ್ಲಿ ಸಿಡಿಲಿಗೆ ಹಳೇ ಕಂಟ್ರೋಲರ್ ಸುಟ್ಟುಹೋಯ್ತು. ಹೊಸದು ಹಾಕಿಸ್ತೀನಿ ಅಂದಾಗ, ಎಲ್ಲರೆದುರು 'ನನ್ನ ಮಗನ ಹದ ಕಿತ್ತು ಬಿಸಾಡ್ತೀರಾ' ಅಂತ ಕೂಗಾಡಿದ. ಈಗ ಕೈ ತಪ್ಪಿ ಆಯ್ತು ಅಂತಾನೆ. ಒಳಗಿನ ಪುಟ ತೆಗೀಬೇಕಾದ್ರೆ ಗುಂಡಿಯನ್ನ ಐದು ಸೆಕೆಂಡ್ ಒತ್ತಿ ಹಿಡೀಬೇಕು. ಕೈ ತಪ್ಪಿ ಯಾರು ಹಾಗೆ ಹಿಡೀತಾರೆ?"

ಗೋಡೆಯ ಕಬ್ಬಿಣದ ಪೆಟ್ಟಿಗೆಗೆ ಬೀಗವಿರಲಿಲ್ಲ. ಟೀಚರ್ ಬಾಗಿಲು ತೆಗೆದರು. ಬಾಗಿಲ ಒಳಮೈಯಲ್ಲಿ ಮಾರ್ಕರ್ ಪೆನ್ನಿನ ದುಂಡು ಅಕ್ಷರ: "ಪಿ 25, ಐ 240, ಡಿ 60. ಯಾರೂ ಮುಟ್ಟಬಾರದು. ನಂದನ್." ಪೆಟ್ಟಿಗೆಯ ನೆತ್ತಿಯ ಮೇಲೆ ಒಣಗಿದ ಸೇವಂತಿಗೆ. ಧರ್ಮೇಶ ಆ ಅಕ್ಷರವನ್ನು ನೋಡಲಾರದೆ ಹೊರಗೆ ಕಾಫಿ ಕಣದ ಕಡೆ ಕಣ್ಣು ಹೊರಳಿಸಿದ.

ಒಳಗೆ ಅಂಗೈಯಗಲದ ಹೊಸ ಕಂಟ್ರೋಲರ್. ಒಲೆಗೆ ಎಷ್ಟು ಕಾಫಿ ಹೊಟ್ಟು ಬೀಳಬೇಕು, ಗಾಳಿ ಎಷ್ಟು ಬೀಸಬೇಕು ಎಂದು ಗಳಿಗೆ ಗಳಿಗೆಗೂ ತೀರ್ಮಾನಿಸುವುದು ಅದೇ. ಪಕ್ಕದಲ್ಲಿ ದುಂಡು ಕಾಗದದ ಮೇಲೆ ಪೆನ್ನಿನಿಂದ ಬಿಸಿಯ ಗೆರೆ ಎಳೆಯುವ ರೆಕಾರ್ಡರ್.

"ಇದನ್ನ ಯಾರಾದ್ರೂ ಮುಟ್ಟಿದಾರಾ ಆಮೇಲೆ?"

"ಇಲ್ಲ ಟೀಚರ್," ಎಂದವರು ರೈಟರ್ ರವಿಶಂಕರ, ಎಸ್ಟೇಟಿನ ಆಫೀಸು ನೋಡಿಕೊಳ್ಳುವವರು. "ಮಧ್ಯಾಹ್ನ ಎರಡಕ್ಕೆ ವಾಸನೆ ಬಂತು ಅಂತ ನಾನೇ ಓಡಿ ಬಂದೆ. ಪೆನ್ನು ಕಾಗದದ ಮೇಲೆ ಗುಡ್ಡ ಹತ್ತಿ ಇಳಿದ ಹಾಗೆ ಕುಣೀತಿತ್ತು. ಒಂದ್ಸಲ ಎಂಬತ್ತು, ಒಂದ್ಸಲ ಮೂವತ್ತು. ನಂಗೆ ಇದ್ರ ಗಂಧಗಾಳಿ ಇಲ್ಲ. ಅಮ್ಮಾವ್ರಿಗೆ ಫೋನ್ ಮಾಡೋಕೆ ಆಫೀಸಿಗೆ ಓಡ್ದೆ. ಅಷ್ಟರಲ್ಲಿ ದೇವರಾಜ ಬಂದು ಕರೆಂಟ್ ತೆಗೆದಿದ್ದ."

ಟೀಚರ್ ಕರೆಂಟ್ ಕೊಡಿಸಿ ಗುಂಡಿಯನ್ನು ಒತ್ತಿ ಹಿಡಿದರು. ಒಂದೊಂದೇ ಅಂಕಿ ಮಿನುಗಿತು. ಇಪ್ಪತ್ತೈದು. ಇನ್ನೂರ ನಲವತ್ತು. ಅರವತ್ತು.

"ನೋಡಿ!" ರೈಟರು ಕೈ ತಟ್ಟಿದರು. "ಮಗನ ನಂಬರೇ. ಅಪ್ಪನಲ್ಲದೆ ನನ್ನಜ್ಜ ಬಂದು ಹಾಕ್ತಾನಾ?"

"ನಿಮ್ಮಜ್ಜಂಗೆ ಐದು ಸೆಕೆಂಡ್ ಸುಮ್ಮನಿರೋ ತಾಳ್ಮೆ ಇತ್ತಾ ರೈಟ್ರೇ?" ಎಂದ ಧರ್ಮೇಶ್.

ಟೀಚರ್ ನಗಲಿಲ್ಲ. ಮೊದಲ ಪುಟಕ್ಕೆ ಬಂದು ಒಣಗಿಸಬೇಕಾದ ಬಿಸಿ ಎಷ್ಟಿದೆ ಎಂದು ನೋಡಿದರು. ನಲವತ್ತೈದೇ ಇತ್ತು. ಆಮೇಲೆ ಕನ್ನಡಕ ಏರಿಸಿ, ಅಂಕಿ ಹೆಚ್ಚಿಸುವ ಬಾಣದ ಗುಂಡಿಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಅದರ ಅಂಚಿನಲ್ಲಿ ಬೆಳ್ಳಗೆ ಏನೋ ಒಣಗಿ ಅಂಟಿತ್ತು. ಶೆಡ್ಡಿನ ಧೂಳೆಲ್ಲ ಕಂದು. ಇದು ಮಾತ್ರ ಬಿಳಿ. ಸುಣ್ಣವಿರಬೇಕು ಎಂದುಕೊಂಡ ಧರ್ಮೇಶ್.

ಪೆಟ್ಟಿಗೆಯ ಕಿಸೆಯಲ್ಲಿ ಹೊಸ ಕಂಟ್ರೋಲರ್ ಕೂರಿಸಿದ ಟೆಕ್ನಿಷಿಯನ್ ಅಶ್ವಿನ್ ಬರೆದ ಹಾಳೆ ಇತ್ತು. ಯಂತ್ರ ತಾನೇ ಎರಡು ತಾಸು ಪರೀಕ್ಷಿಸಿ ಕಂಡುಕೊಂಡ ಸೆಟ್ಟಿಂಗ್: ಪಿ 3.8, ಐ 250, ಡಿ 62. ಕೆಳಗೆ "ಬಳಸುವ ವಿಧಾನ ವಿವರಿಸಲಾಗಿದೆ" ಎಂಬ ಸಾಲು, ಅದರಡಿ ಎರಡು ಸಹಿ. ದೇವರಾಜನದು, ರೈಟರದು.

"ಹಳೇ ಚಾರ್ಟುಗಳೆಲ್ಲಿ?"

ರೈಟರು ಗೋಡೆಯ ಮೊಳೆ ತೋರಿಸಿದರು. ದಿನಕ್ಕೊಂದರಂತೆ ದುಂಡು ಕಾಗದಗಳು, ಮೇಲೆ ತಾರೀಕು. ಗುರುವಾರದ್ದಿತ್ತು, ಅದರ ಗೆರೆ ಕೈವಾರದಲ್ಲಿ ಎಳೆದಷ್ಟು ನಯ. ಶುಕ್ರವಾರದ್ದು ಮೊಳೆಯಲ್ಲೂ ಇಲ್ಲ, ರೆಕಾರ್ಡರಿನಲ್ಲೂ ಇಲ್ಲ.

"ಎರಡು ಗಂಟೆಗೆ ಇತ್ತು, ನಾಲ್ಕಕ್ಕೆ ನಾನು ಮೂಡಿಗೆರೆಯಿಂದ ಬಂದಾಗ ಇರಲಿಲ್ಲ," ಎಂದರು ದೀಪಶ್ರೀ. "ನಡುವೆ ಇಲ್ಲಿದ್ದವನು ದೇವರಾಜ ಒಬ್ಬನೇ. ತಪ್ಪು ಮಾಡದವನು ಅದನ್ನ ಯಾಕೆ ಬಚ್ಚಿಡ್ತಾನೆ ಹೇಳಿ?"

"ಒಳ್ಳೇ ಪ್ರಶ್ನೆ," ಎಂದರು ಟೀಚರ್. ಅವರ ದನಿ ತುಸು ತಗ್ಗಿತ್ತು.

ದೇವರಾಜ ಕೆಲಸದವರ ಮನೆಗಳ ಹಿಂದೆ ಸೌದೆ ಒಡೆಯುತ್ತಿದ್ದ. ಟೀಚರನ್ನು ಕಂಡು ಕೊಡಲಿ ಕೆಳಗಿಟ್ಟ.

"ನೀನೇ ಬದಲಿಸಿದ್ದಾ?"

"ಹೌದು. ನಾನೇ."

"ಯಾವಾಗ?"

"ಕಳಸಕ್ಕೆ ಹೋಗೋ ಮೊದ್ಲು."

"ಹೊಸ ಯಂತ್ರದ ವಿಷಯ ಅಶ್ವಿನ್ ಹೇಳಿಕೊಟ್ಟದ್ದು ನೆನಪಿದ್ದೂ ಇಪ್ಪತ್ತೈದು ಹಾಕಿದೆಯಾ?"

ದೇವರಾಜ ಒಡೆದ ಸೌದೆಯನ್ನು ಒಂದರ ಮೇಲೊಂದು ಜೋಡಿಸಿದ. ಆಮೇಲೆ ಮನೆಯ ಕಡೆ ಒಮ್ಮೆ ನೋಡಿ, ಅತ್ತ ಕೇಳಿಸದ ಹಾಗೆ ಹೇಳಿದ: "ಟೀಚರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ನಂಗೆ ಜೈಲಾದ್ರೂ ಅಡ್ಡಿ ಇಲ್ಲ. ಇದನ್ನ ಇಲ್ಲಿಗೇ ಬಿಟ್ಬಿಡಿ."

* * *

ಜೀಪು ಎಸ್ಟೇಟಿನ ಗೇಟು ದಾಟಿದ ಮೇಲೆ ಧರ್ಮೇಶ್ ಕೇಳಿದ, "ಅಲ್ಲ ಟೀಚರ್, ಈ ಪಿ ಐ ಡಿ ಅಂದ್ರೆ ಎಂತದು? ಮೂರು ಅಕ್ಷರಕ್ಕೆ ಇಷ್ಟು ರಾದ್ಧಾಂತ?"

"ನೀನು ಘಟ್ಟದಲ್ಲಿ ಜೀಪನ್ನ ನಲವತ್ತರಲ್ಲೇ ಓಡಿಸ್ಬೇಕು ಅಂತಿಟ್ಕೋ. ನಲವತ್ತಕ್ಕೆ ಎಷ್ಟು ಕಮ್ಮಿ ಇದೆಯೋ ಅದಕ್ಕೆ ತಕ್ಕ ಹಾಗೆ ಕಾಲು ಒತ್ತೋದು, ಅದು ಪಿ. ಒತ್ತಿದ್ರೂ ಮೂವತ್ತೆಂಟರಲ್ಲೇ ತೆವಳ್ತಾ ಇದ್ರೆ, ಹೊತ್ತು ಹೋದ ಹಾಗೆ ಇನ್ನೊಂಚೂರು ಸೇರಿಸ್ತೀಯಲ್ಲ, ಅದು ಐ. ಸ್ಪೀಡು ಜೋರಾಗಿ ಏರ್ತಿದೆ ಅನ್ನೋ ಅಂದಾಜು ಸಿಕ್ಕಿದ ಕೂಡಲೇ, ನಲವತ್ತು ಮುಟ್ಟೋಕೆ ಮುಂಚೆಯೇ ಕಾಲು ಸಡಿಲಿಸ್ತೀಯಲ್ಲ, ಅದು ಡಿ."

"ಓ! ಇದನ್ನ ದಿನಾ ಮಾಡ್ತೀನಿ. ಹೆಸ್ರು ಗೊತ್ತಿರಲಿಲ್ಲ ಅಷ್ಟೇ."

"ಆ ಮೂರೂ ಹದವಾಗಿದ್ರೆ ಕೂತವರಿಗೆ ಗೊತ್ತೇ ಆಗಲ್ಲ. ಕಾಲು ವಿಪರೀತ ಗಡಸಾದ್ರೆ?"

"ಕುಡಿದವನು ಓಡಿಸಿದ ಹಾಗೆ. ಒಂದ್ಸಲ ಪೂರ್ತಿ ಒತ್ತೋದು, ಒಂದ್ಸಲ ಪೂರ್ತಿ ಬಿಡೋದು. ಹಿಂದೆ ಕೂತವರು ವಾಂತಿ ಮಾಡೋದು."

"ಅದೇ ಆಗಿದ್ದು ಶುಕ್ರವಾರ."

ಸಿಗ್ನಲ್ ಸಿಗುವ ದಿಬ್ಬದ ಮೇಲೆ ಜೀಪು ನಿಲ್ಲಿಸಲು ಹೇಳಿ ಟೀಚರ್ ಅಶ್ವಿನ್‌ಗೆ ಫೋನ್ ಮಾಡಿದರು. ಧರ್ಮೇಶನಿಗೆ ಕೇಳಿಸಿದ್ದು ಇತ್ತಲಿನ ಮಾತು ಮಾತ್ರ. "ಒಂದೇ ಒಂದು ಕೇಳ್ಬೇಕಿತ್ತಪ್ಪ. ಹಳೇ ಕಂಟ್ರೋಲರಲ್ಲೂ ಹೊಸದರಲ್ಲೂ ಪಿ ಅಂದ್ರೆ ಒಂದೇನಾ?... ಹೌದಾ... ಇದನ್ನ ದೇವರಾಜಂಗೆ ಹೇಳಿದ್ದೆಯಾ?... ಅವನು ಏನು ಕೇಳಿದ?" ಆಮೇಲೆ ಬಹಳ ಹೊತ್ತು ಅವರು ಬರೀ ಕೇಳಿಸಿಕೊಂಡರು. "ನಾಳೆ ಹತ್ತು ಗಂಟೆಗೆ ನೀನು ಅಲ್ಲಿ ಇರ್ಬೇಕು," ಎಂದು ಫೋನಿಟ್ಟರು.

"ಗೊತ್ತಾಯ್ತಾ ಟೀಚರ್?"

"ಗೊತ್ತಾಯ್ತು."

ಬೇರೆ ದಿನವಾಗಿದ್ದರೆ ಆ ಮಾತಿನ ಹಿಂದೆ ಸಣ್ಣದೊಂದು ನಗೆ ಇರುತ್ತಿತ್ತು. ಅವತ್ತು ಅವರು ಕಣ್ಣು ಮುಚ್ಚಿ ನಾಮಸ್ಮರಣೆಗೆ ಕೂತವರಂತೆ ತುಟಿ ಮಾತ್ರ ಅಲುಗಿಸುತ್ತಿದ್ದರು. ಮನೆ ಮುಟ್ಟುವವರೆಗೂ ಧರ್ಮೇಶ್ ಹಾರ್ನ್ ಸಹ ಒತ್ತಲಿಲ್ಲ.

* * *

ಸೋಮವಾರ ಹತ್ತಕ್ಕೆ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ದೀಪಶ್ರೀ ಕುರ್ಚಿಯಲ್ಲಿ, ರೈಟರು ಅವರ ಪಕ್ಕ ನಿಂತು, ಅಶ್ವಿನ್ ತನ್ನ ಉಪಕರಣದ ಚೀಲ ಹಿಡಿದು. ದೇವರಾಜ ಒಲೆಯ ಬಾಯಿಯ ಹತ್ತಿರ, ಬೆಂಕಿ ಇಲ್ಲದಿದ್ದರೂ, ದಿನಾ ನಿಲ್ಲುವಲ್ಲೇ ನಿಂತಿದ್ದ. ಸಾವಿತ್ರಮ್ಮ ಖಾಲಿ ಚೀಲಗಳ ಮೇಲೆ ಕೂತು ಟೀಚರ ಮುಖವನ್ನೇ ನೋಡುತ್ತಿದ್ದಳು. ಈಗ ಗಂಡ ಬಿಡುಗಡೆಯಾಗುತ್ತಾನೆ ಎಂಬ ಭರವಸೆ ಅವಳ ಕಣ್ಣಲ್ಲಿತ್ತು. ಧರ್ಮೇಶ್ ಬಾಗಿಲಿಗೆ ಒರಗಿದ.

"ಸಾವಿತ್ರಿ, ನಿಜ ಬೇಕು ಅಂದಿದ್ದೆ. ಈಗಲೂ ಬೇಕಾ?"

"ಬೇಕು ಟೀಚರಮ್ಮ."

ತುಂಗಮ್ಮ ಪಾಠ ಮಾಡುವ ದನಿಯಲ್ಲಿ ಶುರುಮಾಡಿದರು.

"ಕಾಫಿ ಹಾಳು ಮಾಡಬೇಕು ಅಂತ ಬಂದವನು ಏನು ಮಾಡ್ತಿದ್ದ? ನಲವತ್ತೈದು ಅಂತ ಇರೋದನ್ನ ತೊಂಬತ್ತು ಮಾಡ್ತಿದ್ದ. ಅದು ಮುಂದಿನ ಪುಟದಲ್ಲೇ ಇದೆ, ಕ್ಷಣದ ಕೆಲಸ. ಆದ್ರೆ ಅದನ್ನ ಯಾರೂ ಮುಟ್ಟಿಲ್ಲ. ಮುಟ್ಟಿದ್ದು ಒಳಗಿನ ಮೂರು ಅಂಕಿಯನ್ನ ಮಾತ್ರ. ಅದೂ ಬಾಯಿಗೆ ಬಂದ ಅಂಕಿ ಅಲ್ಲ, ನಂದನ್ ಬರೆದಿಟ್ಟ ಅಂಕಿ. ಅಂದ್ಮೇಲೆ ಮಾಡಿದವರಿಗೆ ಕೆಡಿಸೋ ಮನಸ್ಸಿರಲಿಲ್ಲ. ಒಳ್ಳೇದಾಗ್ಲಿ ಅಂತಲೇ ಮಾಡಿದಾರೆ."

"ಒಳ್ಳೇದು ಮಾಡಿದ್ರೆ ಸೀದು ಯಾಕೆ ಹೋಯ್ತು?" ದೀಪಶ್ರೀ ಕೇಳಿದರು. "ಹಳೇದರಲ್ಲಿ ಮೂರು ವರ್ಷ ಅದೇ ನಂಬರಲ್ಲಿ ಒಣಗಿಸಿದೀವಿ. ಒಂದು ಕಾಳೂ ಕೆಟ್ಟಿಲ್ಲ."

"ಅಶ್ವಿನ್, ನೀನು ಹೇಳಪ್ಪ."

ಅಶ್ವಿನ್ ಗಂಟಲು ಸರಿಮಾಡಿಕೊಂಡ. "ಎರಡು ಕಂಪನಿದೂ ಬೇರೆ ಬೇರೆ ಮೇಡಂ. ಹಳೇದರಲ್ಲಿ ಪಿ ಅಂದ್ರೆ ದೂರ. ಗುರಿಗೆ ಎಷ್ಟು ದೂರ ಇರೋವಾಗ ಬೆಂಕಿ ತಗ್ಗಿಸೋಕೆ ಶುರುಮಾಡ್ಬೇಕು ಅನ್ನೋದು. ಆ ಅಂಕಿ ದೊಡ್ಡದಾದಷ್ಟೂ ಮೆದು. ಹೊಸದರಲ್ಲಿ ಪಿ ಅಂದ್ರೆ ಒತ್ತು. ದೊಡ್ಡದಾದಷ್ಟೂ ಗಡಸು. ಅಕ್ಷರ ಒಂದೇ, ಅರ್ಥ ಉಲ್ಟಾ. ಅಲ್ಲಿನ ಇಪ್ಪತ್ತೈದನ್ನ ತಂದು ಇಲ್ಲಿಗೆ ಹಾಕಿದ್ರೆ, ಆರು ಪಟ್ಟು ಜೋರಾಗಿ ಹೊಡೆದ ಹಾಗೆ."

"ಹಾಗಾದ್ರೆ ಮಾಡಿದವರಿಗೆ ಇದು ಗೊತ್ತಿರಲಿಲ್ಲ," ಎಂದು ಟೀಚರ್ ಮುಂದುವರಿಸಿದರು. "ರೈಟ್ರು ಈ ಹಾಳೆಗೆ ಸಹಿ ಹಾಕಿದಾರೆ. ವಿವರಿಸುವಾಗ ಅವರು ಕೇಳಿಸಿಕೊಂಡ್ರಾ?"

"ನಾನು ಫೋನಲ್ಲಿದ್ದೆ," ರೈಟರು ಗೊಣಗಿದರು. "ಆದ್ರೆ ನಂಗೆ ಆ ನಂಬರ್ ಕಟ್ಕೊಂಡು ಏನಾಗ್ಬೇಕು?"

"ಏನೂ ಇಲ್ಲ. ಅದಕ್ಕೇ ನಿಮ್ಮನ್ನ ಬಿಟ್ಟೆ. ದೇವರಾಜ ಮಾತ್ರ ಕಿವಿಗೊಟ್ಟು ಕೇಳಿದ. ಕೇಳಿ ಒಂದು ಪ್ರಶ್ನೆಯನ್ನೂ ಹಾಕಿದ. ಅಲ್ವಾ ಅಶ್ವಿನ್?"

"ಹೌದು. 'ಹಾಗಾದ್ರೆ ನಮ್ಮ ಹುಡುಗನ ಇಪ್ಪತ್ತೈದು ಇದ್ರಲ್ಲಿ ಎಷ್ಟಾಗ್ತದೆ' ಅಂತ ಕೇಳಿದ್ರು. ನೂರನ್ನ ಇಪ್ಪತ್ತೈದರಿಂದ ಭಾಗಿಸಿದ್ರೆ ನಾಲ್ಕು ಅಂದೆ. ಯಂತ್ರ ಕಂಡುಕೊಂಡಿದ್ದು ಮೂರು ಪಾಯಿಂಟ್ ಎಂಟು. ಹೆಚ್ಚುಕಮ್ಮಿ ಅದೇ. 'ನಿಮ್ಮ ಮಗ ಇದನ್ನ ಹೇಗೆ ಕಂಡುಹಿಡಿದ' ಅಂತ ನಾನೇ ಕೇಳಿದ್ದೆ. 'ಮೂರು ದಿನ ಇಲ್ಲೇ ಮಲಗಿ, ಬ್ಲೋವರಿನ ಸದ್ದು ಕೇಳ್ತಾ ತಿದ್ದಿದ' ಅಂದ್ರು."

"ದೇವರಾಜಂಗೆ ಇಷ್ಟೆಲ್ಲ ಗೊತ್ತಿತ್ತು. ಅವನು ಇಪ್ಪತ್ತೈದು ಹಾಕೋಕೆ ಸಾಧ್ಯವೇ ಇಲ್ಲ. ಇನ್ನು ಚಾರ್ಟು. ಬಿಸಿ ಯಾವ ಗಳಿಗೆಯಲ್ಲಿ ಕೆಟ್ಟಿತು ಅಂತ ಅದರಲ್ಲಿ ಬರೆದಿರ್ತದೆ. ಅದು ಸಿಕ್ಕಿದ್ರೆ ದೇವರಾಜ ಪಾರಾಗ್ತಿದ್ದ. ಆ ಹೊತ್ತಿಗೆ ಅವನು ಭದ್ರೆಯಲ್ಲಿದ್ದ ಅಂತ ಧರ್ಮೇಶ್ ಹೇಳ್ತಾನೆ. ತನ್ನನ್ನ ಕಾಪಾಡೋ ಕಾಗದವನ್ನ ತಾನೇ ಬಚ್ಚಿಟ್ಟ ಅಂದ್ರೆ, ಅವನು ಕಾಪಾಡ್ತಾ ಇರೋದು ಬೇರೆಯವರನ್ನ. ದೇವರಾಜ, ಕೊಡಪ್ಪ ಅದನ್ನ."

ದೇವರಾಜ ಎದೆಯ ಮೇಲೆ ಅಂಗಿಯನ್ನು ಬಿಗಿಹಿಡಿದ.

"ಕೊಡಿ," ಎಂದಳು ಸಾವಿತ್ರಮ್ಮ. "ಯಾರನ್ನ ಕಾಪಾಡ್ತಿದೀರಿ? ನಿಮ್ಮ ಮಾನಕ್ಕಿಂತ ಹೆಚ್ಚಿನೋರು ಯಾರದು?"

ಅವನು ಹೆಂಡತಿಯ ಕಡೆ ನೋಡದೆ ಅಂಗಿಯ ಒಳಗಿನಿಂದ ಮಡಿಚಿದ ಕಾಗದ ತೆಗೆದ. ಟೀಚರ್ ಅದನ್ನು ಬಿಡಿಸಿ ದೀಪಶ್ರೀಯವರಿಗೆ ತೋರಿಸಿದರು. ಎಂಟು ಗಂಟೆ ಹತ್ತು ನಿಮಿಷದವರೆಗೆ ನಯವಾದ ಗೆರೆ. ಅಲ್ಲಿಂದ ಮುಂದೆ ಸಾಲುಸಾಲು ಗುಡ್ಡ, ಒಂದಕ್ಕಿಂತ ಒಂದು ಎತ್ತರ.

"ಎಂಟೂ ಹತ್ತಕ್ಕೆ ಇಲ್ಲಿ ಯಾರಿದ್ರು?" ದೀಪಶ್ರೀ ಕೇಳಿದರು.

ಟೀಚರ್ ಕಾಗದವನ್ನು ಮಡಿಚಿದರು. "ಬಾಣದ ಗುಂಡಿಯ ಮೇಲೆ ಬೆಳ್ಳಗೆ ಅಂಟಿತ್ತು. ಉಜ್ಜಿ ನೋಡಿದೆ. ಅಕ್ಕಿಹಿಟ್ಟು. ಕಡುಬಿಗೆ ನಾದಿದ ಕೈ." ಅವರ ದನಿ ಇನ್ನಷ್ಟು ಮೆತ್ತಗಾಯಿತು. "ನಿನ್ನೆ ನೀನೇ ನನ್ನ ಜಗಲಿಯಲ್ಲಿ ಹೇಳಿದ್ದೆ ಸಾವಿತ್ರಿ. ಎಲ್ಲ ಸರಿ ಇತ್ತು ಅನ್ನಲಿಲ್ಲ. ಎಲ್ಲ ಸರಿಮಾಡಿಟ್ಟೇ ಬಂದೆ ಅಂದೆ."

ಸಾವಿತ್ರಮ್ಮ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಅರ್ಥವಾಗದವಳ ನೋಟ.

"ನಾನು ಹಾಳು ಮಾಡ್ಲಿಲ್ಲ. ಅವನ ಅಂಕಿ ಹಾಕ್ದೆ, ಅಷ್ಟೇ. ಹಳೇದರಲ್ಲಿ ಗುಂಡಿ ಹೇಗೆ ಒತ್ತೋದು ಅಂತ ಅವನೇ ಕಲಿಸಿದ್ದು, ಇದ್ರಲ್ಲೂ ಹಾಗೇ. 'ಅಮ್ಮಾ, ಇಪ್ಪತ್ತೈದು, ಇನ್ನೂರ ನಲವತ್ತು, ಅರವತ್ತು. ಯಾರಾದ್ರೂ ಬದಲಾಯಿಸಿದ್ರೆ ನೀನು ಸರಿಮಾಡು' ಅಂದಿದ್ದ. ಆ ಹೊಸದು ಬಂದ ದಿನದಿಂದ ಅದರಲ್ಲಿ ಯಾವ್ಯಾವುದೋ ಅಂಕಿ ಇತ್ತು ಟೀಚರಮ್ಮ. ದಿನಾ ಹೂವಿಡುವಾಗ ಗುಂಡಿ ಒತ್ತಿ ನೋಡ್ತಿದ್ದೆ. ಅಮ್ಮಾವ್ರು ಹಾಕಿಸಿದ್ದು, ಮುಟ್ಟೋದು ಬೇಡ ಅಂತ ತಡ್ಕೊಂಡಿದ್ದೆ. ಆದ್ರೆ ವರ್ಷ ತುಂಬಿದ ದಿನ... ಎಡೆಗೆ ಎಲ್ಲ ಅವನಿಗೆ ಬೇಕಾದ್ದೇ ಮಾಡ್ತಿದ್ದೆ, ಅವನು ಕಾಯೋಕೆ ಬಿಟ್ಟು ಹೋಗಿದ್ದು ಇದೊಂದೇ, ಅದನ್ನೇ ನಾನು..." ಮಾತು ನಿಂತಿತು. ಕಣ್ಣು ಅಶ್ವಿನ್ ಕಡೆ ಹೊರಳಿತ್ತು. "ನಾಲ್ಕು ಅಂದ್ಯಲ್ಲಪ್ಪ. ಆ ಮೂರು ಚಿಲ್ಲರೆ ಇತ್ತಲ್ಲ, ಅದು..."

ಅಶ್ವಿನ್ ತಲೆ ತಗ್ಗಿಸಿದ. "ಹೌದಮ್ಮ. ಅದು ನಿಮ್ಮ ಮಗನ ಹದವೇ. ಬರೆಯೋ ರೀತಿ ಮಾತ್ರ ಬೇರೆ."

"ಹಾಗಾದ್ರೆ ಅವನು ಅದ್ರೊಳಗೆ ಇದ್ದ." ಅವಳು ತನ್ನ ಬಲಗೈಯ ಬೆರಳುಗಳನ್ನು ಬಿಡಿಸಿ ನೋಡಿಕೊಂಡಳು. "ಅವನನ್ನ ಒರೆಸಿ ಹಾಕಿದೋಳು ನಾನೇ."

ದೀಪಶ್ರೀ ಎದ್ದು ಬಂದು ಅವಳ ಪಕ್ಕ ಚೀಲದ ಮೇಲೆ ಕೂತರು. ಮಾಲೀಕರು ಹಾಗೆ ಕೂತದ್ದನ್ನು ಧರ್ಮೇಶ್ ಹಿಂದೆ ಕಂಡಿರಲಿಲ್ಲ. "ಕಂಪ್ಲೇಂಟ್ ಇಲ್ಲ, ಏನೂ ಇಲ್ಲ," ಎಂದರು. "ದೇವರಾಜ, ನಿನ್ನ ಮೇಲೆ ಸಂಶಯಪಟ್ಟೆ. ನಂದೇ ತಪ್ಪು. ಎಲ್ಲರೆದುರಿಗೂ ಹೇಳ್ತಿದೀನಿ. ಆದ್ರೆ ನೀನು ಯಾಕಪ್ಪ ಸುಳ್ಳು ಹೇಳ್ದೆ?"

"ಸುಳ್ಳಲ್ಲ ಅಮ್ಮಾವ್ರೆ," ಎಂದ ದೇವರಾಜ. "ಬಂದು ಪೆಟ್ಟಿಗೆ ತೆಗೆದಾಗ ಇಪ್ಪತ್ತೈದು ಕಂಡ್ತು. ಯಾರು ಅಂತ ಗೊತ್ತಾಯ್ತು. ನಾಲ್ಕು ಅಂತ ಅಶ್ವಿನ್ ಹೇಳಿದ ದಿನವೇ ಮನೆಗೆ ಹೋಗಿ ಇವಳಿಗೆ ಹೇಳ್ಬೇಕಿತ್ತು. ಅವನ ಹದ ಹೋಗಿಲ್ಲ ಮಾರಾಯ್ತಿ, ಹಾಗೇ ಇದೆ ಅಂತ ಒಂದು ಮಾತು. ಹೇಳ್ಲಿಲ್ಲ. ಮಾಡಿದ್ದು ನಾನೇ ಅಲ್ವಾ ಹಾಗಾದ್ರೆ?"

ತುಂಗಮ್ಮ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು. ಇಷ್ಟು ವರ್ಷದಲ್ಲಿ ಟೀಚರ್ ತಮ್ಮ ಉತ್ತರ ತಪ್ಪಾಗಲಿ ಎಂದು ಬೇಡಿಕೊಂಡದ್ದನ್ನು ಧರ್ಮೇಶ್ ಕಂಡದ್ದು ನಿನ್ನೆ ಜೀಪಿನಲ್ಲಿ ಮಾತ್ರ. ಆ ತುಟಿ ಯಾಕೆ ಅಲುಗುತ್ತಿತ್ತು ಎಂದು ಅವನಿಗೆ ಈಗ ಗೊತ್ತಾಯಿತು.

ಕೊನೆಗೆ ಅಶ್ವಿನ್ ಪೆಟ್ಟಿಗೆಯ ಹತ್ತಿರ ಹೋದ. "ಹಾಳೆಯಲ್ಲಿರೋದನ್ನೇ ಮತ್ತೆ ಹಾಕ್ತೀನಿ ಮೇಡಂ. ಮೂರು ಪಾಯಿಂಟ್ ಎಂಟು."

"ನಾಲ್ಕು ಹಾಕಿದ್ರೆ ಕೆಡ್ತದಾ?" ಚೀಲದ ಮೇಲಿನಿಂದ ಸಾವಿತ್ರಮ್ಮ ಕೇಳಿದಳು.

"ಇಲ್ಲಮ್ಮ. ಅಷ್ಟಕ್ಕೆ ಏನೂ ವ್ಯತ್ಯಾಸ ಆಗಲ್ಲ."

"ವ್ಯತ್ಯಾಸ ಇಲ್ಲ ಅಂದ್ರೆ ಅವನದ್ದೇ ಇರ್ಲಿ."

ಅಶ್ವಿನ್ ದೀಪಶ್ರೀಯವರನ್ನು ನೋಡಿದ. ಅವರು ಹೂಂ ಎಂದರು. ನೀವೇ ಒತ್ತಿ ಎಂದು ಅವನು ಕರೆದಾಗ ಸಾವಿತ್ರಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಬೇಡವೆಂದು ತಲೆಯಾಡಿಸಿದಳು. ಅವನೇ ಒತ್ತಿದ. ದೇವರಾಜ ಒಲೆಗೆ ಬೆಂಕಿ ಕೊಟ್ಟ. ಅಂಕಿ ಏರುತ್ತ ಏರುತ್ತ ನಲವತ್ತಾರು ಮುಟ್ಟಿ, ಒಂದು ಹೆಜ್ಜೆ ಇಳಿದು, ನಲವತ್ತೈದರಲ್ಲಿ ನಿಂತುಬಿಟ್ಟಿತು.

ಒಬ್ಬೊಬ್ಬರಾಗಿ ಹೊರಗೆ ಹೋದರು. ಟೀಚರ್ ಹೊಸ್ತಿಲು ದಾಟಿದ್ದರು. ಅವರ ಹಿಂದೆ ಹೊರಟ ಧರ್ಮೇಶನ ಕಾಲು ಬಾಗಿಲಲ್ಲೇ ತಡೆಯಿತು. ಒಳಗೆ ಸಾವಿತ್ರಮ್ಮ ಗಂಡನನ್ನು ಕೇಳುತ್ತಿದ್ದಳು.

"ನಿಮಗೆ ಗೊತ್ತಿತ್ತು. ಒಂದು ತಿಂಗಳಿಂದ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳೋಕೆ ಹೋದ್ರೆ ಅವನ ಹೆಸ್ರು ಬಾಯಲ್ಲಿ ಬರ್ಬೇಕಿತ್ತಲ್ಲ ಸಾವಿತ್ರಿ. ವರ್ಷದಿಂದ ನಂಗೆ ಆಗ್ತಾ ಇಲ್ಲ."

"ಈಗ ಹೇಳಿ."

ದೇವರಾಜ ಬಾಯಿ ತೆರೆದ. ಮೊದಲ ಅಕ್ಷರ ಬಂತು. ಮುಂದಿನದು ಬರಲಿಲ್ಲ. ಅವಳು ಕಾದಳು, ಇನ್ನೂ ಸ್ವಲ್ಪ ಕಾದಳು. ಆಮೇಲೆ ಉಳಿದ ಅಕ್ಷರಗಳನ್ನು ಅವಳೇ ಹೇಳಿದಳು.